ಮೊಲದ ಮೂಳೆಯಿಂದ ಕಂಪ್ಯೂಟರ್ ತೆರೆಯವರೆಗೆ: ಬೇರುಳ್ಳ ಕೃತಕ ಹಲ್ಲಿನ ಕಥೆ

‘ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ’ ಎಂಬ ಗಾದೆ ಕೇಳದ ಕನ್ನಡಿಗರಿಲ್ಲ. ಲೋಕದ ಹಂಚಿಕೆ ಎಷ್ಟು ಅಡ್ಡಾದಿಡ್ಡಿ ಎಂಬುದನ್ನು ಹೇಳಲು ನಮ್ಮ ಹಿರಿಯರು ಆರಿಸಿಕೊಂಡದ್ದು ಹಲ್ಲನ್ನು. ಅದಕ್ಕೆ ಕಾರಣವೂ ಇದೆ. ಕಣ್ಣು ಮಂಜಾದರೆ ಕನ್ನಡಕ ಬಂತು, ಕಾಲು ಸೋತರೆ ಊರುಗೋಲು ಇತ್ತು. ಹಲ್ಲು ಹೋದವರಿಗೆ ಮಾತ್ರ ಬಹುಕಾಲ ಬೊಚ್ಚುಬಾಯಿಯೇ ಗತಿ. ಆಮೇಲೆ ಬಂದದ್ದು ರಾತ್ರಿ ಲೋಟದ ನೀರಿನಲ್ಲಿ ಮುಳುಗಿಸಿಡುವ ಹಲ್ಲಿನ ಸೆಟ್ಟು.

ಈ ಸೆಟ್ಟಿನ ಕಷ್ಟ ಹಾಕಿಕೊಂಡವರಿಗೇ ಗೊತ್ತು. ಮೇಲ್ದವಡೆಯ ಸೆಟ್ಟು ಅಂಗುಳಕ್ಕೆ ಅಂಟಿಕೊಂಡು ಹೇಗೋ ನಿಲ್ಲುತ್ತದೆ. ಕೆಳದವಡೆಯದಕ್ಕೆ ಆ ಆಸರೆಯಿಲ್ಲ. ನಾಲಿಗೆ ಹೊರಳಿದಾಗಲೆಲ್ಲ ಅದೂ ಮೇಲೇಳುತ್ತದೆ. ಸಾಲದ್ದಕ್ಕೆ, ಹಲ್ಲು ಹೋದ ಮೇಲೆ ಅದನ್ನು ಹಿಡಿದಿದ್ದ ಮೂಳೆ ವರ್ಷದಿಂದ ವರ್ಷಕ್ಕೆ ಸವೆಯುತ್ತ ಹೋಗುತ್ತದೆ. ಮೊದಲು ಬಿಗಿಯಾಗಿದ್ದ ಸೆಟ್ಟು ಕೆಲವು ವರ್ಷಗಳಲ್ಲಿ ಸಡಿಲವಾಗುವುದು ಇದರಿಂದಲೇ. ಕಬ್ಬಿನ ಜಲ್ಲೆ, ಚಕ್ಕುಲಿ, ಕಟಿರೊಟ್ಟಿಗಳಿಗೆಲ್ಲ ಅಲ್ಲಿಗೆ ವಿದಾಯ.

ಇದಕ್ಕೆ ಪರಿಹಾರವಾಗಿ ಬಂದದ್ದು ‘ಇಂಪ್ಲಾಂಟ್’. ದವಡೆಯ ಮೂಳೆಗೆ ಸಣ್ಣದೊಂದು ಲೋಹದ ತಿರುಪನ್ನು ಕೂರಿಸಿ, ಅದನ್ನೇ ಬೇರು ಮಾಡಿಕೊಂಡು ಮೇಲೆ ಹಲ್ಲು ಕಟ್ಟುವ ವಿಧಾನವಿದು. ಇಂದು ಇದರ ಹೆಸರು ಎತ್ತಿದೊಡನೆ ಕಂಪ್ಯೂಟರ್, ಸ್ಕ್ಯಾನರ್, ರೋಬಾಟ್‌ಗಳ ಮಾತು ಬರುತ್ತದೆ. ಆದರೆ ಈ ಚಿಕಿತ್ಸೆ ಬೆಳೆದು ಬಂದ ಬಗೆಯನ್ನು ನೋಡಿದರೆ ಅದರಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಕಾಣುತ್ತವೆ. ಹೊರಗಿನ ವಸ್ತುವನ್ನು ಮೂಳೆ ಒಪ್ಪಿಕೊಳ್ಳುತ್ತದೆಯೇ ಎಂಬುದು ಮೊದಲನೆಯದು. ಅದನ್ನು ಎಲ್ಲಿ, ಎಷ್ಟು ಆಳಕ್ಕೆ, ಯಾವ ಓರೆಯಲ್ಲಿ ಕೂರಿಸಬೇಕು ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ಉತ್ತರ ಕೊಟ್ಟದ್ದು ಒಂದು ಲೋಹ. ಕಂಪ್ಯೂಟರ್ ಉತ್ತರಿಸಿದ್ದು ಎರಡನೆಯದಕ್ಕೆ ಮಾತ್ರ. ಈ ವ್ಯತ್ಯಾಸ ತಿಳಿದಿದ್ದರೆ ಹೊಸ ತಂತ್ರಜ್ಞಾನ ಏನು ಕೊಡಬಲ್ಲದು, ಏನು ಕೊಡಲಾರದು ಎಂಬುದೂ ತಿಳಿಯುತ್ತದೆ.

ಚಿಪ್ಪಿನ ಹಲ್ಲು

ಹೋದ ಹಲ್ಲಿನ ಜಾಗದಲ್ಲಿ ಇನ್ನೊಂದನ್ನು ನೆಡುವ ಆಸೆ ಬಹಳ ಹಳೆಯದು. ಮಧ್ಯ ಅಮೆರಿಕದ ಹೊಂಡುರಾಸ್ ದೇಶದ ಪ್ಲಾಯಾ ಡೆ ಲೋಸ್ ಮುಎರ್ತೋಸ್ ಎಂಬಲ್ಲಿ 1931ರಲ್ಲಿ ಉತ್ಖನನ ನಡೆದಾಗ ಪುರಾತನ ದವಡೆಯೊಂದರ ತುಂಡು ದೊರೆಯಿತು. ಸುಮಾರು ಕ್ರಿ.ಶ. 600ರ ಮಾಯಾ ಕಾಲದ್ದೆಂದು ಗುರುತಿಸಲಾದ ಆ ಕೆಳದವಡೆಯಲ್ಲಿ ಮೂರು ಬಾಚಿಹಲ್ಲುಗಳ ಜಾಗಕ್ಕೆ ಹಲ್ಲಿನಾಕಾರಕ್ಕೆ ಕೆತ್ತಿದ ಸಮುದ್ರದ ಚಿಪ್ಪಿನ ಚೂರುಗಳನ್ನು ಕೂರಿಸಲಾಗಿತ್ತು. ಸತ್ತ ಮೇಲೆ ಶವದ ಅಲಂಕಾರಕ್ಕೆ ಇಟ್ಟದ್ದಿರಬೇಕು ಎಂದೇ ಬಹುಕಾಲ ಭಾವಿಸಲಾಗಿತ್ತು. 1970ರಲ್ಲಿ ಬ್ರೆಜಿಲ್‌ನ ಅಮಡೆಯೊ ಬಾಬಿಯೊ ಎಂಬವರು ಅದರ ಕ್ಷ-ಕಿರಣ ಚಿತ್ರ ತೆಗೆದು ನೋಡಿದಾಗ ಎರಡು ಚಿಪ್ಪುಗಳ ಸುತ್ತ ಹೊಸ ಮೂಳೆ ಬೆಳೆದಿತ್ತು. ಮೂಳೆ ಬೆಳೆಯುವುದು ಜೀವಂತ ದೇಹದಲ್ಲಿ ಮಾತ್ರ. ಅಂದರೆ ಸುಮಾರು ಸಾವಿರದ ನಾನೂರು ವರ್ಷಗಳ ಹಿಂದೆ ಯಾರೋ ಆ ಚಿಪ್ಪಿನ ಹಲ್ಲುಗಳನ್ನು ಇಟ್ಟುಕೊಂಡೇ ಬದುಕಿದ್ದರು.

ಮುಂದೆ ಯೂರೋಪಿನಲ್ಲಿ ಚಿನ್ನದ ಬೇರು ಕೂರಿಸುವ ಯತ್ನ ನಡೆಯಿತು. 1930ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಟ್ರಾಕ್ ಸಹೋದರರು ವಿಟಾಲಿಯಂ ಎಂಬ ಮಿಶ್ರಲೋಹದ ತಿರುಪನ್ನು ಬಳಸಿದರು. ಕೆಲವು ನಿಂತವು, ಹಲವು ಅಲುಗಾಡಿ ಬಿದ್ದವು. ದೇಹ ಇವನ್ನು ಬಹುಮಟ್ಟಿಗೆ ಪರಕೀಯ ವಸ್ತುವೆಂದೇ ಬಗೆಯುತ್ತಿತ್ತು. ತಿರುಪಿಗೂ ಮೂಳೆಗೂ ನಡುವೆ ನಾರಿನಂಥ ಮೆದು ಪದರ ಬೆಳೆದುಬಿಡುತ್ತಿತ್ತು. ಹಸಿ ಮಣ್ಣಿನಲ್ಲಿ ನೆಟ್ಟ ಗೂಟದ ಹಾಗೆ, ಜಗಿದಷ್ಟೂ ಅದು ಸಡಿಲವಾಗುತ್ತಿತ್ತು.

ಬಿಟ್ಟು ಬರದ ಲೋಹ

ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹಲ್ಲಿನ ಆಸ್ಪತ್ರೆಯಲ್ಲಲ್ಲ. 1952ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ತರುಣ ಸಂಶೋಧಕರು ಮೂಳೆಯ ಒಳಗಿನ ಮಜ್ಜೆಯಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂಬುದನ್ನು ನೋಡಲು ಹೊರಟಿದ್ದರು. ಅದಕ್ಕಾಗಿ ಮೊಲದ ಕಾಲಿನ ಮೂಳೆಯಲ್ಲಿ ಟೈಟೇನಿಯಂ ಲೋಹದ ಪುಟ್ಟ ಕೊಳವೆಯೊಂದನ್ನು ಕೂರಿಸಿ, ಅದರ ಮೂಲಕ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಪ್ರಯೋಗ ಮುಗಿದ ಮೇಲೆ ಕೊಳವೆಯನ್ನು ತೆಗೆದು ಮತ್ತೆ ಬಳಸುವ ಯೋಚನೆ ಅವರದು. ಆದರೆ ಅದು ಬಿಟ್ಟು ಬರಲಿಲ್ಲ. ಮೂಳೆ ಆ ಲೋಹವನ್ನು ತನ್ನದೇ ಭಾಗವೆಂಬಂತೆ ಬಿಗಿಯಾಗಿ ಹಿಡಿದುಕೊಂಡಿತ್ತು.

ಬೇರೆಯವರಾಗಿದ್ದರೆ ಉಪಕರಣ ಹಾಳಾಯಿತೆಂದು ಬೇಸರಪಡುತ್ತಿದ್ದರೋ ಏನೋ. ಬ್ರೋನೆಮಾರ್ಕ್ ಅವರು ಇದರ ಬೆನ್ನು ಹತ್ತಿದರು. ಗಾಳಿಗೆ ಒಡ್ಡಿದ ಕ್ಷಣವೇ ಟೈಟೇನಿಯಂ ಮೇಲೆ ಅತಿ ತೆಳುವಾದ ಆಕ್ಸೈಡ್ ಪದರವೊಂದು ಕೂಡಿಕೊಳ್ಳುತ್ತದೆ. ದೇಹಕ್ಕೆ ತಾಗುವುದು ಈ ಪದರವೇ ಹೊರತು ಒಳಗಿನ ಲೋಹವಲ್ಲ. ಆದ್ದರಿಂದ ಅದು ತುಕ್ಕು ಹಿಡಿಯದು, ದೇಹವನ್ನು ಕೆರಳಿಸದು. ಮೂಳೆಯ ಜೀವಕೋಶಗಳು ನೇರವಾಗಿ ಅದರ ಮೈಮೇಲೆಯೇ ಹಬ್ಬುತ್ತವೆ. ಈ ಬೆಸುಗೆಗೆ ಮುಂದೆ ಅವರು ಇಟ್ಟ ಹೆಸರು ‘ಆಸಿಯೊ ಇಂಟಿಗ್ರೇಷನ್’. ನಮ್ಮ ಮಾತಿನಲ್ಲಿ ಹೇಳುವುದಾದರೆ ಮೂಳೆಗೂಡುವಿಕೆ.

1965ರಲ್ಲಿ ಗೋಥೆನ್‌ಬರ್ಗ್ ನಗರದಲ್ಲಿ ಮೊದಲ ರೋಗಿಗೆ ಈ ಚಿಕಿತ್ಸೆ ನಡೆಯಿತು. ಗೋಸ್ಟಾ ಲಾರ್ಸನ್ ಎಂಬ ಆತನಿಗೆ ಹುಟ್ಟಿನಿಂದಲೇ ದವಡೆಯ ದೋಷವಿತ್ತು, ಕೆಳಗೆ ಹಲ್ಲುಗಳಿರಲಿಲ್ಲ. ಕೆಳದವಡೆಗೆ ನಾಲ್ಕು ಟೈಟೇನಿಯಂ ತಿರುಪುಗಳನ್ನು ಕೂರಿಸಿ ಅವುಗಳ ಮೇಲೆ ಹಲ್ಲು ಕಟ್ಟಲಾಯಿತು. ಆತ ತೀರಿಕೊಂಡದ್ದು 2006ರಲ್ಲಿ. ಅಲ್ಲಿಯವರೆಗೆ, ನಲವತ್ತು ವರ್ಷಕ್ಕೂ ಹೆಚ್ಚು ಕಾಲ, ಆ ತಿರುಪುಗಳು ಕೆಲಸ ಮಾಡುತ್ತಲೇ ಇದ್ದವು.

ಇಷ್ಟಾದರೂ ದಂತವೈದ್ಯ ಲೋಕ ಸುಲಭವಾಗಿ ಒಪ್ಪಲಿಲ್ಲ. ಬ್ರೋನೆಮಾರ್ಕ್ ಹಲ್ಲಿನ ಡಾಕ್ಟರಲ್ಲ, ಅಂಗರಚನಾ ಶಾಸ್ತ್ರದ ಪ್ರಾಧ್ಯಾಪಕರು. ಹಿಂದಿನ ಇಂಪ್ಲಾಂಟ್‌ಗಳು ಸೋತದ್ದನ್ನು ಕಂಡವರಿಗೆ ಇದೂ ಅದೇ ಜಾತಿಯದೆಂಬ ಗುಮಾನಿ. ಹತ್ತು ವರ್ಷಗಳ ರೋಗಿಗಳ ವಿವರ 1977ರಲ್ಲಿ ಪ್ರಕಟವಾಯಿತು. 1982ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ನಡೆದ ಸಮ್ಮೇಳನದಲ್ಲಿ ಅಂಕಿಅಂಶಗಳನ್ನು ಮುಂದಿಟ್ಟ ಮೇಲೆಯೇ ಉತ್ತರ ಅಮೆರಿಕದ ತಜ್ಞರು ತಲೆದೂಗಿದರು. ಮೊಲದ ಮೂಳೆಯಿಂದ ಅಲ್ಲಿಗೆ ಮೂವತ್ತು ವರ್ಷ ಕಳೆದಿತ್ತು.

ನೆರಳು ನೋಡಿ ಕೊರೆದ ಕಾಲ

ಮೂಳೆ ಲೋಹವನ್ನು ಒಪ್ಪುತ್ತದೆ ಎಂಬುದೇನೋ ಖಚಿತವಾಯಿತು. ಎಲ್ಲಿ ಕೊರೆಯಬೇಕು ಎಂಬ ಎರಡನೆಯ ಪ್ರಶ್ನೆ ಹಾಗೆಯೇ ಉಳಿಯಿತು. ಇದು ಸಣ್ಣ ಪ್ರಶ್ನೆಯಲ್ಲ. ಕೆಳದವಡೆಯ ಮೂಳೆಯೊಳಗೆ ಎರಡೂ ಕಡೆ ಒಂದೊಂದು ಕಾಲುವೆಯಿದೆ. ಅದರಲ್ಲಿ ಹಲ್ಲಿಗೂ ಕೆಳತುಟಿಗೂ ಸ್ಪರ್ಶಜ್ಞಾನ ಕೊಡುವ ನರ ಹಾದುಹೋಗುತ್ತದೆ. ಬೈರಿಗೆ ಅದಕ್ಕೆ ತಾಗಿದರೆ ತುಟಿ, ಗಲ್ಲ ಜೋಮು ಹಿಡಿದಂತಾಗಬಹುದು. ಕೆಲವೊಮ್ಮೆ ಅದು ಶಾಶ್ವತ. ಕಾಫಿ ಬಿಸಿಯಿದೆಯೋ ಇಲ್ಲವೋ ಎಂಬುದು ಆ ತುಟಿಗೆ ತಿಳಿಯದು. ಮೇಲ್ದವಡೆಯಲ್ಲಿ ಹಿಂಬದಿಯ ಹಲ್ಲುಗಳ ಮೇಲೆ ಸೈನಸ್ ಎಂಬ ಗಾಳಿಗೂಡಿದೆ. ಅಲ್ಲಿ ಮೂಳೆ ತೆಳುವಾಗಿದ್ದರೆ ತಿರುಪು ಅದರೊಳಕ್ಕೆ ನುಗ್ಗುವ ಭಯ.

ಇದನ್ನೆಲ್ಲ ನೋಡಲು ವೈದ್ಯರಿಗಿದ್ದ ಸಾಧನ ಕ್ಷ-ಕಿರಣ. ಜರ್ಮನಿಯ ರಾಂಟ್ಜೆನ್ ಅವರು ಅದನ್ನು ಕಂಡುಹಿಡಿದದ್ದು 1895ರ ನವೆಂಬರ್‌ನಲ್ಲಿ. ಮರುವರ್ಷದ ಜನವರಿಯಲ್ಲೇ ಅದೇ ದೇಶದ ದಂತವೈದ್ಯ ಒಟ್ಟೊ ವಾಲ್ಕಾಫ್ ಅವರು 25 ನಿಮಿಷ ಅಲುಗದೆ ಮಲಗಿ ತಮ್ಮದೇ ಹಲ್ಲುಗಳ ಚಿತ್ರ ತೆಗೆಸಿದರು. ಆ ಕಿರಣದ ಅಪಾಯ ಆಗ ಯಾರಿಗೂ ತಿಳಿದಿರಲಿಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಎಡ್ಮಂಡ್ ಕೆಲ್ಸ್ ಅವರು ಹಲ್ಲಿನ ಕ್ಷ-ಕಿರಣ ಚಿತ್ರಗಳ ಪ್ರವರ್ತಕರಲ್ಲಿ ಒಬ್ಬರು. ಪದೇ ಪದೇ ಕಿರಣಕ್ಕೆ ಕೈಯೊಡ್ಡಿದ ಅವರಿಗೆ ಬೆರಳುಗಳಿಗೆ ಕ್ಯಾನ್ಸರ್ ತಗುಲಿತು. ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆ ಅನುಭವಿಸಿ 1928ರಲ್ಲಿ ಅವರು ಪ್ರಾಣ ಕಳೆದುಕೊಂಡರು.

ಕ್ಷ-ಕಿರಣ ಚಿತ್ರಕ್ಕೆ ಇನ್ನೊಂದು ಮಿತಿಯಿದೆ. ಅದು ನೆರಳು. ಗೋಡೆಯ ಮೇಲಿನ ನೆರಳನ್ನು ನೋಡಿ ವಸ್ತುವಿನ ಎತ್ತರ ಅಂದಾಜು ಮಾಡಬಹುದು, ದಪ್ಪ ಹೇಳಲಾಗದು. ಫಿನ್ಲೆಂಡಿನ ಪಾಟೆರೊ ಅವರು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ರೂಪಿಸಿದ, ಇಡೀ ದವಡೆಯನ್ನು ಒಂದೇ ಹಾಳೆಯಲ್ಲಿ ತೋರಿಸುವ ವಿಧಾನ ನಮ್ಮಲ್ಲಿ ‘ಒಪಿಜಿ’ ಎಂದೇ ಪರಿಚಿತ. ಅದರಲ್ಲಿ ಎಲ್ಲವೂ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆ ಹಿಗ್ಗುವಿಕೆಯೂ ಎಲ್ಲ ಕಡೆ ಒಂದೇ ಸಮನಲ್ಲ. ಆದ್ದರಿಂದ ಅಳತೆ ಗೊತ್ತಿರುವ ಉಕ್ಕಿನ ಗುಂಡೊಂದನ್ನು ರೋಗಿಯ ಬಾಯಲ್ಲಿಟ್ಟು ಚಿತ್ರ ತೆಗೆದು, ಗುಂಡು ಎಷ್ಟು ಹಿಗ್ಗಿದೆ ಎಂದು ನೋಡಿ, ಮೂಳೆಯ ಎತ್ತರವನ್ನು ಲೆಕ್ಕ ಹಾಕುತ್ತಿದ್ದರು. ಆದರೆ ಮೂಳೆ ನಾಲಿಗೆಯ ಕಡೆಯಿಂದ ಕೆನ್ನೆಯ ಕಡೆಗೆ ಎಷ್ಟು ಅಗಲವಿದೆ ಎಂಬುದು ಒಸಡು ಕೊಯ್ದು ತೆರೆದ ಮೇಲೆಯೇ ಗೊತ್ತಾಗುತ್ತಿತ್ತು. ಮೂಳೆ ಎಲ್ಲಿ ಸಿಕ್ಕಿತೋ ಅಲ್ಲಿ ತಿರುಪು. ತಿರುಪು ಎತ್ತ ವಾಲಿತೋ ಅತ್ತ ಹಲ್ಲು.

ಕೊಯ್ಯುವ ಮೊದಲೇ ಕಾಣುವುದು

ನೆರಳಿನಿಂದ ಆಕಾರಕ್ಕೆ ದಾರಿ ತೋರಿದ್ದು ಕಂಪ್ಯೂಟರ್. ಬ್ರಿಟನ್ನಿನ ಇಎಂಐ ಸಂಸ್ಥೆಯ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರು ಹಲವು ಕೋನಗಳಿಂದ ತೆಗೆದ ಕ್ಷ-ಕಿರಣದ ಅಳತೆಗಳನ್ನು ಲೆಕ್ಕ ಹಾಕಿ ದೇಹದ ಅಡ್ಡಸೀಳು ಚಿತ್ರ ಕಟ್ಟುವ ಯಂತ್ರ ತಯಾರಿಸಿದರು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ಬಾರಿಗೆ ರೋಗಿಯ ತಲೆಯ ಚಿತ್ರ ತೆಗೆಯಲಾಯಿತು. ಇದೇ ಸಿ.ಟಿ. ಸ್ಕ್ಯಾನ್. 1979ರಲ್ಲಿ ಅವರಿಗೂ, ಇದರ ಗಣಿತವನ್ನು ಮೊದಲೇ ಬಿಡಿಸಿದ್ದ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಪ್ರಶಸ್ತಿ ಬಂತು.

ಆದರೆ ಒಂದು ಹಲ್ಲಿಗಾಗಿ ದೊಡ್ಡಾಸ್ಪತ್ರೆಯ ಸಿ.ಟಿ. ಯಂತ್ರದೊಳಗೆ ಮಲಗುವುದು ದುಬಾರಿ. ಕಿರಣದ ಪ್ರಮಾಣವೂ ಹೆಚ್ಚು. 1990ರ ದಶಕದ ಕೊನೆಯಲ್ಲಿ ಇಟಲಿಯ ವೆರೋನಾ ನಗರದಲ್ಲೂ ಜಪಾನಿನಲ್ಲೂ ದವಡೆಗೆಂದೇ ಚಿಕ್ಕ ಯಂತ್ರಗಳು ತಯಾರಾದವು. ವೆರೋನಾದವರ ಯಂತ್ರದ ವಿವರ 1998ರಲ್ಲಿ ಪ್ರಕಟವಾಯಿತು. ಇದರಲ್ಲಿ ಕ್ಷ-ಕಿರಣ ಶಂಕುವಿನಾಕಾರದಲ್ಲಿ ಹರಡಿ, ತಲೆಯ ಸುತ್ತ ಒಂದು ಸುತ್ತು ಬರುತ್ತದೆ. ರೋಗಿ ಅರ್ಧ ನಿಮಿಷದಷ್ಟು ಹೊತ್ತು ಅಲುಗದಿದ್ದರೆ ಸಾಕು. ಕಂಪ್ಯೂಟರ್ ತೆರೆಯ ಮೇಲೆ ದವಡೆ ಮೂರು ಆಯಾಮಗಳಲ್ಲಿ ಎದ್ದು ನಿಲ್ಲುತ್ತದೆ. ಬ್ರೆಡ್ಡನ್ನು ಹೋಳು ಮಾಡಿ ನೋಡುವಂತೆ ಎಲ್ಲಿ ಬೇಕೋ ಅಲ್ಲಿ ಸೀಳಿ ನೋಡಬಹುದು. ನರ ಎಲ್ಲಿದೆ, ಅದರ ಮೇಲೆ ಎಷ್ಟು ಮಿಲಿಮೀಟರ್ ಮೂಳೆಯಿದೆ, ಅಗಲ ಎಷ್ಟು ಎಂಬುದೆಲ್ಲ ಕತ್ತಿ ತಾಗಿಸುವ ಮೊದಲೇ ತಿಳಿಯುತ್ತದೆ. ‘ಸಿಬಿಸಿಟಿ’ ಎಂಬ ಈ ಸ್ಕ್ಯಾನ್ ಇಂದು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳಲ್ಲೂ ಲಭ್ಯ. ದೊಡ್ಡ ಸಿ.ಟಿ.ಗಿಂತ ಇದರಲ್ಲಿ ಕಿರಣದ ಪ್ರಮಾಣ ಸಾಮಾನ್ಯವಾಗಿ ಕಡಿಮೆ, ಹಲ್ಲಿನ ಸಣ್ಣ ಫಿಲಂಗಿಂತ ಹೆಚ್ಚು. ಆದ್ದರಿಂದ ಕಾರಣವಿಲ್ಲದೆ ತೆಗೆಸುವಂಥದಲ್ಲ.

ಅಚ್ಚಿನ ಬದಲು ಬೆಳಕು

ಮೂಳೆ ಕಂಡರೆ ಸಾಲದು, ಮೇಲಿನ ಹಲ್ಲು ಒಸಡುಗಳ ಆಕಾರವೂ ಬೇಕು. ಹಿಂದೆ ಇದಕ್ಕೆ ತಟ್ಟೆಯ ತುಂಬ ಪೇಸ್ಟ್ ಮೆತ್ತಿ ಬಾಯಿಗೆ ಒತ್ತಿ ಅಚ್ಚು ತೆಗೆಯುತ್ತಿದ್ದರು. ಹಲವರಿಗೆ ಓಕರಿಕೆ ಬರಿಸುವ ಕೆಲಸವಿದು. ಈಗಲೂ ಅನೇಕ ಕಡೆ ರೂಢಿಯಲ್ಲಿದೆ. ಬೆಳಕಿನಿಂದಲೇ ಅಚ್ಚು ತೆಗೆಯಬಹುದೆಂಬ ಯೋಚನೆಯನ್ನು ಫ್ರಾನ್ಸಿನ ಫ್ರಾನ್ಸ್ವಾ ದ್ಯುರೆ ಅವರು 1973ರಷ್ಟು ಹಿಂದೆಯೇ ತಮ್ಮ ಪ್ರಬಂಧದಲ್ಲಿ ಮುಂದಿಟ್ಟಿದ್ದರು. ಸ್ವಿಟ್ಜರ್ಲೆಂಡಿನ ಜೂರಿಚ್ ವಿಶ್ವವಿದ್ಯಾಲಯದ ವೆರ್ನರ್ ಮೋರ್‌ಮನ್ ಅವರು ಎಂಜಿನಿಯರ್ ಮಾರ್ಕೊ ಬ್ರಾಂಡೆಸ್ಟಿನಿ ಅವರೊಡನೆ ಸೇರಿ ‘ಸೆರೆಕ್’ ಎಂಬ ಯಂತ್ರ ರೂಪಿಸಿದರು. 1985ರ ಸೆಪ್ಟೆಂಬರ್ 19ರಂದು ಅದರ ಸಹಾಯದಿಂದ ರೋಗಿಯೊಬ್ಬರ ಹಲ್ಲಿನ ಚಿತ್ರ ತೆಗೆದು, ಪಿಂಗಾಣಿಯ ತುಂಡನ್ನು ಅಲ್ಲೇ ಕಡೆದು, ಹಲ್ಲಿನ ಕುಳಿಗೆ ಕೂರಿಸಲಾಯಿತು.

ಇಂದಿನ ವಿಧಾನ ಈ ಎರಡು ಧಾರೆಗಳ ಸಂಗಮ. ಒಳಗಿನ ಮೂಳೆಯ ಚಿತ್ರವನ್ನೂ ಮೇಲಿನ ಒಸಡಿನ ಚಿತ್ರವನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸುತ್ತಾರೆ. ಇಲ್ಲಿ ಹಳೆಯ ಕ್ರಮ ತಲೆಕೆಳಗಾಯಿತು. ಮೊದಲು ತೆರೆಯ ಮೇಲೆ ಹಲ್ಲನ್ನು ಇಡುತ್ತಾರೆ: ಎದುರಿನ ಹಲ್ಲಿಗೆ ಅದು ಸರಿಯಾಗಿ ಕೂಡಬೇಕು, ನಕ್ಕಾಗ ಚೆನ್ನಾಗಿ ಕಾಣಬೇಕು, ಬ್ರಷ್ ತಲುಪುವಂತಿರಬೇಕು. ಆ ಹಲ್ಲಿಗೆ ತಕ್ಕ ಬೇರು ಎಲ್ಲಿರಬೇಕು ಎಂಬುದನ್ನು ಆಮೇಲೆ ನಿಶ್ಚಯಿಸುತ್ತಾರೆ. ಅಲ್ಲಿ ಮೂಳೆ ಸಾಲದಿದ್ದರೆ ಮೊದಲು ಮೂಳೆ ತುಂಬಿಸಬೇಕೇ ಎಂಬುದೂ ಆಗಲೇ ಗೊತ್ತಾಗುತ್ತದೆ.

ತೆರೆಯ ಮೇಲಿನ ಯೋಜನೆಯನ್ನು ಬಾಯಿಗೆ ತರುವುದು ಹೇಗೆ? ಅಮೆರಿಕದ ಚಕ್ ಹಲ್ ಅವರಿಗೆ 1986ರಲ್ಲಿ ಪೇಟೆಂಟ್ ದೊರೆತ, ಬೆಳಕು ಬಿದ್ದರೆ ಗಟ್ಟಿಯಾಗುವ ದ್ರವದಿಂದ ಪದರ ಪದರವಾಗಿ ವಸ್ತು ಕಟ್ಟುವ ತಂತ್ರ ಇದಕ್ಕೆ ನೆರವಾಯಿತು. ಇದೇ ಇಂದಿನ ತ್ರೀಡಿ ಪ್ರಿಂಟಿಂಗ್. ರೋಗಿಯ ಹಲ್ಲುಗಳ ಮೇಲೆ ಕಚ್ಚಿ ಕೂರುವ ಪ್ಲಾಸ್ಟಿಕ್ ಅಚ್ಚೊಂದನ್ನು ಹೀಗೆ ಮುದ್ರಿಸುತ್ತಾರೆ. ಬೈರಿಗೆ ಹೋಗಬೇಕಾದ ಜಾಗದಲ್ಲಿ ಅದಕ್ಕೊಂದು ತೂತು. ಬಡಗಿ ಬಾಗಿಲಿಗೆ ಒಂದೇ ಅಳತೆಯ ತೂತು ಹಾಕಲು ಮಾದರಿ ಹಲಗೆ ಇಟ್ಟುಕೊಳ್ಳುವಂತೆಯೇ ಇದೂ. ಕೆಲವರಲ್ಲಿ ಒಸಡನ್ನು ಅಗಲವಾಗಿ ಕೊಯ್ಯದೆ ಸಣ್ಣ ರಂಧ್ರದಲ್ಲೇ ಕೆಲಸ ಮುಗಿಯುತ್ತದೆ. ಆಗ ಊತ, ನೋವು ಕಡಿಮೆ. 2016ರ ಕೊನೆಯಲ್ಲಿ ವೈದ್ಯರ ಕೈ ದಾರಿ ತಪ್ಪದಂತೆ ಹಿಡಿಯುವ ರೋಬಾಟ್ ತೋಳಿಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. 2017ರಲ್ಲಿ ಚೀನಾದ ಷಿಯಾನ್ ನಗರದಲ್ಲಿ ವೈದ್ಯರ ಕಣ್ಗಾವಲಿನಲ್ಲಿ ರೋಬಾಟ್ ತಾನೇ ಎರಡು ಇಂಪ್ಲಾಂಟ್‌ಗಳನ್ನು ಕೂರಿಸಿತು.

ಎಷ್ಟು ನಂಬಬಹುದು?

ಹಾಗಾದರೆ ತಪ್ಪೇ ಆಗದೆ? ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಮರ್ಶೆ 2018ರಲ್ಲಿ ಪ್ರಕಟವಾಯಿತು. ಮಾದರಿ ಅಚ್ಚು ಬಳಸಿ ಕೂರಿಸಿದ ತಿರುಪುಗಳು ಯೋಜನೆಗಿಂತ ಸರಾಸರಿ 1.2 ಮಿಲಿಮೀಟರ್ ಮೇಲ್ತುದಿಯಲ್ಲೂ 1.4 ಮಿಲಿಮೀಟರ್ ಕೆಳತುದಿಯಲ್ಲೂ ಆಚೀಚೆಯಾಗಿದ್ದವು. ಓರೆಯ ವ್ಯತ್ಯಾಸ 3.5 ಡಿಗ್ರಿ. ಬರಿಗಣ್ಣಿನ ಅಂದಾಜಿಗೆ ಹೋಲಿಸಿದರೆ ಇದು ದೊಡ್ಡ ಸುಧಾರಣೆ. ಆದರೆ ಇದು ಸರಾಸರಿ ಎಂಬುದನ್ನು ಮರೆಯಬಾರದು. ನರದಿಂದ ಕನಿಷ್ಠ 2 ಮಿಲಿಮೀಟರ್ ದೂರವಿರಬೇಕು ಎಂಬ ಹಳೆಯ ನಿಯಮ ಕಂಪ್ಯೂಟರ್ ಬಂದ ಮೇಲೂ ಉಳಿದಿರುವುದು ಇದಕ್ಕಾಗಿಯೇ. ಸ್ಕ್ಯಾನ್ ಹೊತ್ತಿನಲ್ಲಿ ರೋಗಿ ಅಲುಗಿದರೆ ಚಿತ್ರ ಕೆಡುತ್ತದೆ, ಅಚ್ಚು ಸರಿಯಾಗಿ ಕೂರದಿದ್ದರೆ ತೂತೂ ಜರುಗುತ್ತದೆ. ಒಂದೂ ಹಲ್ಲಿಲ್ಲದ ದವಡೆಯಲ್ಲಿ ಬೆಳಕಿನ ಸ್ಕ್ಯಾನರ್‌ಗೆ ಗುರುತು ಹಿಡಿಯುವುದೇ ಕಷ್ಟ.

ಮೊದಲ ಪ್ರಶ್ನೆಯ ವಿಷಯದಲ್ಲಂತೂ ಕಂಪ್ಯೂಟರ್ ಏನನ್ನೂ ಬದಲಿಸಿಲ್ಲ. ಬೈರಿಗೆಯ ಉಜ್ಜಾಟದಿಂದ ಮೂಳೆ 47 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಒಂದು ನಿಮಿಷ ಹಾಗೇ ಇದ್ದರೆ ಅದಕ್ಕೆ ಹಾನಿಯಾಗುತ್ತದೆ ಎಂದು ಗೋಥೆನ್‌ಬರ್ಗ್ ಸಂಶೋಧಕರು 1983ರಲ್ಲೇ ತೋರಿಸಿದ್ದರು. ಆದ್ದರಿಂದ ಇಂದಿಗೂ ತಣ್ಣನೆಯ ಉಪ್ಪುನೀರು ಹಾಯಿಸುತ್ತ ನಿಧಾನವಾಗಿಯೇ ಕೊರೆಯಬೇಕು. ಕೂರಿಸಿದ ಮೇಲೆ ಮೂಳೆ ಬೆಸೆಯಲು ಆರೆಂಟು ವಾರಗಳಿಂದ ಹಿಡಿದು ಕೆಲವು ತಿಂಗಳವರೆಗೆ ಬೇಕು. ‘ಒಂದೇ ದಿನದಲ್ಲಿ ಹಲ್ಲು’ ಎಂಬ ಫಲಕಗಳು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ತಿರುಪು ಮೂಳೆಯಲ್ಲಿ ಬಿಗಿಯಾಗಿ ಕಚ್ಚಿದ್ದರೆ ಅಂದೇ ತಾತ್ಕಾಲಿಕ ಹಲ್ಲು ಕಟ್ಟಬಹುದು. ಆದರೆ ಬೇರು ಅಂದೇ ಕೂಡಿಕೊಳ್ಳುವುದಿಲ್ಲ. ಬೀಡಿ ಸಿಗರೇಟು ಸೇದುವವರಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಸೋಲುವ ಸಂಭವ ಹೆಚ್ಚು. ಹಲ್ಲುಜ್ಜದಿದ್ದರೆ ಟೈಟೇನಿಯಂಗೆ ಹುಳುಕು ಹಿಡಿಯದು ನಿಜ. ಆದರೆ ಅದರ ಸುತ್ತಲಿನ ಒಸಡಿಗೆ ಸೋಂಕು ತಗುಲಿ ಮೂಳೆ ಕರಗಬಹುದು.

ಕಡಲೆ ಯಾರಿಗೆ?

ಕೊನೆಗೆ ಉಳಿಯುವುದು ಗಾದೆಯ ಪ್ರಶ್ನೆ. ಕರ್ನಾಟಕ ಸರ್ಕಾರ 2014-15ರ ಸುಮಾರಿಗೆ ‘ದಂತ ಭಾಗ್ಯ’ ಎಂಬ ಯೋಜನೆ ಆರಂಭಿಸಿ, ಬಿಪಿಎಲ್ ಕುಟುಂಬಗಳ ಹಿರಿಯರಿಗೆ ಉಚಿತವಾಗಿ ಹಲ್ಲು ಕಟ್ಟಿಸಿಕೊಡಲು ಮುಂದಾಯಿತು. ಬೊಚ್ಚುಬಾಯಿಯೂ ಸರ್ಕಾರ ಗಮನಿಸಬೇಕಾದ ಕಷ್ಟವೆಂದು ಒಪ್ಪಿದ್ದು ದೊಡ್ಡ ಸಂಗತಿಯೇ. ಆದರೆ ಅಲ್ಲಿ ಕೊಟ್ಟದ್ದು ತೆಗೆದು ಹಾಕುವ ಸೆಟ್ಟು. ಬೇರುಳ್ಳ ಹಲ್ಲು ಇಂದಿಗೂ ಕೈಯಲ್ಲಿ ಕಾಸಿದ್ದವರ ಸೊತ್ತು.

ಇದರ ನಡುವೆ ಒಂದು ಮಧ್ಯದ ದಾರಿಯೂ ಇದೆ. 2002ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು, ಕೆಳದವಡೆಯಲ್ಲಿ ಒಂದೂ ಹಲ್ಲಿಲ್ಲದವರಿಗೆ ಬರಿಯ ಸೆಟ್ಟಿಗಿಂತ, ಎರಡೇ ಇಂಪ್ಲಾಂಟ್‌ಗಳ ಮೇಲೆ ಗುಂಡಿಯಂತೆ ಕಚ್ಚಿ ಕೂರುವ ಸೆಟ್ಟನ್ನೇ ಮೊದಲ ಆಯ್ಕೆಯಾಗಿ ಕೊಡಬೇಕು ಎಂದು ಹೇಳಿದರು. ದವಡೆಯ ಮುಂಭಾಗದಲ್ಲಿ, ನರದ ಕಾಲುವೆಯಿಂದ ಮುಂದೆ ಕೂರಿಸುವ ಆ ಎರಡು ತಿರುಪುಗಳಿಗೆ ರೋಬಾಟ್ ಬೇಕಿಲ್ಲ. ಅಲುಗುವ ಕೆಳಸೆಟ್ಟನ್ನು ನಾಲಿಗೆಯಿಂದ ಒತ್ತಿ ಹಿಡಿದು ಉಣ್ಣುವ ಅಜ್ಜಿಗೆ ಅಷ್ಟು ಸಿಕ್ಕರೂ ಅದು ಬಹಳ.

ಮೊಲದ ಕಾಲಿನಲ್ಲಿ ಸಿಕ್ಕಿಕೊಂಡ ಕೊಳವೆಯಿಂದ ಇಲ್ಲಿಯವರೆಗೆ ಬಂದ ದಾರಿ ದೊಡ್ಡದು. ಕೊಯ್ಯುವ ಮೊದಲೇ ಕಾಣುವ ಕಣ್ಣನ್ನು ಕಂಪ್ಯೂಟರ್ ಕೊಟ್ಟಿದೆ. ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಕೊರಗು ಇದರಿಂದ ಹೆಚ್ಚುಕಡಿಮೆ ನೀಗಿತು. ಹಲ್ಲೂ ಇಲ್ಲದ, ಕಡಲೆಯೂ ಇಲ್ಲದವನ ಬಗ್ಗೆ ಮಾತ್ರ ನಮ್ಮ ಗಾದೆ ಏನೂ ಹೇಳಿಲ್ಲ. ಅವನಿಗೆ ಉತ್ತರ ಕೊಡುವುದು ಯಂತ್ರದ ಕೆಲಸವಲ್ಲ, ನಮ್ಮ ಕೆಲಸ.